ಎಲ್ಲರೂ ನಕ್ಕ ಮೇಲೆ ನಾನೂ ನಕ್ಕೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪತ್ರಿಕೆಯಲ್ಲಿ ಬೆಂಗಳೂರಿನಲ್ಲಿ ನಡೆದ ಕನ್ನಡ ಅಕ್ಷರ ವಿನ್ಯಾಸದ ಗೋಷ್ಠಿಯ ಸುದ್ದಿ ಓದಿದೆ. ಫೋಟೊ ಚೆನ್ನಾಗಿತ್ತು. ವೇದಿಕೆಯ ಹಿಂದೆ ಆಳೆತ್ತರದ ‘ಅ’. ಅದರ ಕೆಳಗಿನ ಬರಹವೆಲ್ಲ ಇಂಗ್ಲಿಷ್. ಮಾತಾಡಿದವರೆಲ್ಲ ಇಂಗ್ಲಿಷಿನಲ್ಲೇ ಮಾತಾಡಿದರು ಅಂತ ಅಲ್ಲಿಗೆ ಹೋಗಿದ್ದ ನನ್ನ ಪರಿಚಯದ ಹುಡುಗ ಹೇಳಿದ. ವರದಿಯಲ್ಲಿ ಆ ವಿಷಯ ಇರಲಿಲ್ಲ. ಇದ್ದಿದ್ದರೂ ಅದೊಂದು ಸುದ್ದಿ ಅಂತ ಯಾರಿಗೂ ಅನಿಸುತ್ತಿರಲಿಲ್ಲ, ಬಿಡಿ.

ನಾನು ಮಂಗಳೂರಿನವಳು. 1991ರಿಂದ ಡಿಟಿಪಿ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪೇಜ್ ಕಟ್ಟುವ ಕೆಲಸ, ಮಾಡುತ್ತಿದ್ದೇನೆ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ನೇಮೋತ್ಸವದ ಆಮಂತ್ರಣ, ಸೊಸೈಟಿಯ ವಾರ್ಷಿಕ ವರದಿ, ನಿವೃತ್ತ ಮೇಷ್ಟ್ರುಗಳ ಕವನ ಸಂಕಲನ, ಎಲ್ಲ ಈ ಕೈಯಲ್ಲಿ ಹಾದು ಹೋಗಿವೆ. ಪೇಜ್‌ಮೇಕರ್ ಎಂಬ ಹಳೆಯ ಸಾಫ್ಟ್‌ವೇರಿನ ಕಾಲದಿಂದ ಇದ್ದೇನೆ. ‘ನುಡಿ’ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದನ್ನು ಎಲ್ಲ ಕಂಪ್ಯೂಟರಿಗೂ ಹೊಂದುವ ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು ಎಲ್ಲೆಲ್ಲಿ ಓಡಿಹೋಗುತ್ತದೆ ಅಂತ ನನಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ನಮ್ಮಪ್ಪ ಕಂಪೋಸಿಟರ್ ಆಗಿದ್ದರು. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ಜೋಡಿಸಿ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ಸೀಸದ ಬಣ್ಣ. ಊಟಕ್ಕೆ ಮುಂಚೆ ಅಮ್ಮ ಹುಣಸೆಹುಳಿ ಕೊಟ್ಟು ಕೈ ತಿಕ್ಕಿಸುತ್ತಿದ್ದರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನನಗೂ ಒಮ್ಮೆ ಡಿಸೈನ್ ಸಮ್ಮೇಳನಕ್ಕೆ ಹೋಗುವ ಯೋಗ ಬಂತು. ಅದೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಎರಡೂ ದಿನ ಪೂರ್ತಿ ಜರ್ಮನ್. ನನಗೆ ಜರ್ಮನ್‌ನಲ್ಲಿ ‘ಹೌದು’, ‘ಇಲ್ಲ’ ಬಿಟ್ಟರೆ ಬೇರೆ ಬರುವುದಿಲ್ಲ.

ಮಗ ಅಲ್ಲಿ ಒಂದು ಔಷಧದ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಕಳೆದ ವರ್ಷ ಎರಡು ತಿಂಗಳು ಅವನ ಮನೆಯಲ್ಲಿದ್ದೆ. ಅವನು ಬೆಳಿಗ್ಗೆ ಹೋದರೆ ಸಂಜೆ ಬರುವುದು. ನಾನು ಕಿಟಕಿಯ ಹತ್ತಿರ ಕುಳಿತು ಹಸಿರು ಟ್ರಾಮ್ ಎಣಿಸುವುದು. ಪಾಪ, ಅವನಿಗೇ ಬೇಜಾರಾಗಿ ಒಂದು ದಿನ ಬಂದು ಹೇಳಿದ, “ಅಮ್ಮ, ಇಲ್ಲಿ ಅಕ್ಷರ, ಪುಸ್ತಕ, ಪೋಸ್ಟರ್ ಬಗ್ಗೆ ಎರಡು ದಿನ ಏನೋ ಕಾರ್ಯಕ್ರಮ ಉಂಟು. ನಿನ್ನದೇ ಕೆಲಸ ಅಲ್ವಾ? ಟಿಕೆಟ್ ತೆಗೆದಿದ್ದೇನೆ.” ಎಷ್ಟು ಅಂತ ಕೇಳಿದೆ. ನೂರಾ ನಲವತ್ತು ಫ್ರಾಂಕ್ ಅಂದ. ಆಗ ಒಂದು ಫ್ರಾಂಕ್ ಅಂದರೆ ನಮ್ಮ ನೂರು ರೂಪಾಯಿಯ ಆಸುಪಾಸು. ಆ ದುಡ್ಡಿಗೆ ಇಲ್ಲಿ ಎರಡು ಪುಸ್ತಕದ ಪೇಜ್ ಕಟ್ಟುತ್ತೇನೆ ನಾನು.

“ಭಾಷೆ ಯಾವುದು?” ಅಂತಲೂ ಕೇಳಿದ್ದೆ. “ಹೆಸರು ಇಂಗ್ಲಿಷಿನಲ್ಲೇ ಉಂಟಲ್ಲ ಅಮ್ಮ” ಅಂದ. ಹೌದು, ಹೆಸರು ಮಾತ್ರ ಇಂಗ್ಲಿಷಿನಲ್ಲಿತ್ತು.

ಹಳೆಯ ಕಾರ್ಖಾನೆಯೊಂದನ್ನು ಸಭಾಂಗಣ ಮಾಡಿದ್ದರು. ಬಾಗಿಲಲ್ಲಿ ಕುತ್ತಿಗೆಗೆ ಹಾಕುವ ಕಾರ್ಡ್ ಕೊಟ್ಟ ಹುಡುಗಿಯ ಹತ್ತಿರ ನನ್ನ ಇಂಗ್ಲಿಷಿನಲ್ಲಿ ಕೇಳಿದೆ, ಕಿವಿಗೆ ಹಾಕಿಕೊಳ್ಳುವ ಅನುವಾದದ ಯಂತ್ರ ಏನಾದರೂ ಇದೆಯಾ ಅಂತ. ಇಲ್ಲ ಅಂದಳು. ಅವಳಿಗೇ ಕೆಟ್ಟದೆನಿಸಿರಬೇಕು, ಒಂದು ಸೇಬು ಹಣ್ಣು ಕೊಟ್ಟಳು.

ಮೊದಲ ಅರ್ಧ ಗಂಟೆ ಏನೂ ಅನಿಸಲಿಲ್ಲ. ಚಿತ್ರ ನೋಡುತ್ತಾ ಕುಳಿತೆ. ಆಮೇಲೆ ಭಾಷಣ ಮಾಡುತ್ತಿದ್ದವರು ಏನೋ ಹೇಳಿದರು, ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಅರೆಗಳಿಗೆ ತಡವಾಗಿ. ನಕ್ಕ ಮೇಲೆ ನನಗೇ ಮೈಯೆಲ್ಲ ಬಿಸಿಯಾಯಿತು. ಯಾಕೆ ನಕ್ಕೆ? ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಸೀರೆ ಉಟ್ಟು ಮೇಲೊಂದು ಸ್ವೆಟರ್ ಹಾಕಿದ ಹೆಂಗಸಿಗೆ ಜರ್ಮನ್ ಬರುತ್ತದೆ ಅಂತ ಅಲ್ಲಿ ಯಾರೂ ಅಂದುಕೊಂಡಿರಲಿಕ್ಕಿಲ್ಲ. ಆದರೂ ನಗು ತಾನಾಗಿಯೇ ಬಂತು.

ಆ ನಗು ನನಗೆ ಹೊಸದಲ್ಲ. ಎಷ್ಟೋ ವರ್ಷದಿಂದ ನಗುತ್ತಿದ್ದೇನೆ. ಜಾಹೀರಾತು ಕಂಪನಿಯವರು ಬಂದು ಇಂಗ್ಲಿಷಿನಲ್ಲಿ ಜೋಕ್ ಹೇಳಿದಾಗ ನಗುತ್ತೇನೆ. ಫೋನಿನಲ್ಲಿ ಬೆಂಗಳೂರಿನ ಡಿಸೈನರ್ ‘ಬ್ರೀದಿಂಗ್ ಸ್ಪೇಸ್ ಬೇಕು’ ಅಂದಾಗ ‘ಓಕೆ ಸರ್’ ಅಂತ ನಕ್ಕು, ಫೋನ್ ಇಟ್ಟ ಮೇಲೆ ಯಾವ ಜಾಗ, ಎಷ್ಟು ಅಂತ ಲೆಕ್ಕ ಹಾಕುತ್ತೇನೆ. ಆದರೆ ಊರಿನಲ್ಲಿ ಹೀಗೆ ನಕ್ಕಾಗ ನಾಚಿಕೆ ಆಗುವುದಿಲ್ಲ. ಎಲ್ಲರೂ ಹಾಗೇ ಮಾಡುತ್ತಾರೆ. ಬಾಸೆಲ್‌ನಲ್ಲಿ ಒಬ್ಬಳೇ ಇದ್ದೆ, ಅದಕ್ಕೇ ಗೊತ್ತಾಯಿತು.

ಆಗ ನೆನಪಾದದ್ದು ಕೆಲವು ವರ್ಷದ ಹಿಂದೆ ಬೆಂಗಳೂರಿನಲ್ಲಿ ನಾನು ಹೋಗಿದ್ದ ಒಂದು ಕಾರ್ಯಕ್ರಮ. ಯಾರು ನಡೆಸಿದ್ದು ಅಂತ ಹೇಳುವುದಿಲ್ಲ, ಕರೆದು ಊಟ ಹಾಕಿದವರು. ಬೋರ್ಡ್ ಬರೆಯುವ ಒಬ್ಬ ಪೇಂಟರನ್ನು ಕರೆಸಿದ್ದರು. ಅರುವತ್ತು ದಾಟಿದ ಮನುಷ್ಯ. ಅಂಗಡಿ ಬೋರ್ಡು, ಲಾರಿಯ ಹಿಂದಿನ ಬರಹ, ಸಿನಿಮಾ ಬ್ಯಾನರ್, ಎಲ್ಲ ಬರೆದವರು. ಅವರನ್ನು ವೇದಿಕೆಯ ಪಕ್ಕದಲ್ಲಿ ನಿಲ್ಲಿಸಿ ಬ್ರಷ್ ಕೊಟ್ಟು ‘ಕನ್ನಡ’ ಅಂತ ಬರೆಸಿದರು. ಒಂದೇ ಎಳೆತದಲ್ಲಿ ‘ಕ’ ಬರೆದರು ನೋಡಿ, ಎಲ್ಲರೂ ಮೊಬೈಲ್ ತೆಗೆದು ವಿಡಿಯೊ ಮಾಡಿದರು. ಆಮೇಲೆ ಇನ್ನೊಬ್ಬರು ಮೈಕ್ ಹಿಡಿದು ಅವರ ‘ಕ’ದ ಬಗ್ಗೆ ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದರು. ಪೇಂಟರು ಬ್ರಷ್ ಒರೆಸಿಕೊಂಡು ನನ್ನ ಪಕ್ಕ ಬಂದು ಕುಳಿತರು. ಚಹಾದ ಹೊತ್ತಿಗೆ ಕೇಳಿದರು, “ಅಕ್ಕಾ, ನನ್ ಅಕ್ಷರ ಚೆನ್ನಾಗಿದೆ ಅಂದ್ರಾ, ಇಲ್ಲ ಸರಿ ಇಲ್ಲ ಅಂದ್ರಾ?”

ನನಗೂ ಸರಿಯಾಗಿ ತಿಳಿದಿರಲಿಲ್ಲ. ಚೆನ್ನಾಗಿದೆ ಅಂದರು ಅಂತ ಹೇಳಿದೆ.

ಬಾಸೆಲ್‌ಗೆ ಬರುತ್ತೇನೆ. ಮಧ್ಯಾಹ್ನ ಜರ್ಮನಿಯಿಂದ ಬಂದ ಒಬ್ಬರು ಒಂದೇ ಒಂದು ಅಕ್ಷರದ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಆ ಅಕ್ಷರದ ಹೆಸರು ಎಸ್‌ತ್ಸೆಟ್. ನೋಡಲು ಇಂಗ್ಲಿಷಿನ ದೊಡ್ಡ ‘ಬಿ’ ಹಾಗೆ, ಆದರೆ ಕಾಲು ಸ್ವಲ್ಪ ಬಿಟ್ಟುಕೊಂಡಿರುತ್ತದೆ. ಎರಡು ‘ಎಸ್’ ಬರಬೇಕಾದ ಕೆಲವು ಕಡೆ ಇದನ್ನು ಬರೆಯುತ್ತಾರೆ. ಬಹಳ ಕಾಲ ಇದಕ್ಕೆ ಚಿಕ್ಕ ರೂಪ ಮಾತ್ರ ಇತ್ತು. ದೊಡ್ಡಕ್ಷರದ ರೂಪವನ್ನು ಕಾಗುಣಿತದ ನಿಯಮದಲ್ಲಿ ಸೇರಿಸಿದ್ದು 2017ರಲ್ಲಂತೆ. ಭಾಷಣಕಾರರು ಪರದೆಯ ಮೇಲೆ ಒಂದಾದ ಮೇಲೊಂದು ಹತ್ತಾರು ನಮೂನೆ ತೋರಿಸಿದರು. ಸಭೆ ಪುನಃ ನಕ್ಕಿತು. ಈ ಸಲ ನಾನು ಬಾಯಿ ಮುಚ್ಚಿ ಕುಳಿತೆ. ಪಕ್ಕದಲ್ಲಿದ್ದ ಮುದುಕರು ನನ್ನ ಕಡೆ ಬಗ್ಗಿ, ಮುರುಕು ಇಂಗ್ಲಿಷಿನಲ್ಲಿ ಹೇಳಿದರು: “ನಮ್ಮ ದೇಶದಲ್ಲಿ ಈ ಅಕ್ಷರ ಬಳಸುವುದೇ ಇಲ್ಲ. ಅದಕ್ಕೆ ನಗು.” ನಿಜವೇ. ಸ್ವಿಸ್ ಜನ ಎರಡು ‘ಎಸ್’ ಬರೆದು ಸುಮ್ಮನಾಗುತ್ತಾರೆ. ತಾವು ಬಳಸದ ಅಕ್ಷರದ ಬಗ್ಗೆ ನಲವತ್ತು ನಿಮಿಷ ಕೇಳಿ ಚಪ್ಪಾಳೆಯನ್ನೂ ಹೊಡೆದರು.

ನಮ್ಮಲ್ಲೂ 2021ರಲ್ಲಿ ಯೂನಿಕೋಡಿಗೆ ಒಂದು ಕನ್ನಡ ಅಕ್ಷರ ಹೊಸದಾಗಿ ಸೇರಿತು. ನಕಾರಪೊಲ್ಲು. ಹಳಗನ್ನಡದಲ್ಲಿ ಪದದ ಕೊನೆಗೆ ಬರುವ ಅರ್ಧ ನಕಾರಕ್ಕೆ ಬರೆಯುತ್ತಿದ್ದ ರೂಪ. ಹಳೆಯ ಪುಸ್ತಕಗಳ ಮರುಮುದ್ರಣ ಮಾಡುವವರಿಗೆ ಬೇಕಾದ ಅಕ್ಷರ. ಅದನ್ನು ಹೇಗೆ ಬರೆಯಬೇಕು, ಎಷ್ಟು ಎತ್ತರ ಇಡಬೇಕು ಅಂತ ಯಾರಾದರೂ ನಮ್ಮಂಥ ಡಿಟಿಪಿಯವರನ್ನು ಕೂರಿಸಿಕೊಂಡು ಕನ್ನಡದಲ್ಲಿ ನಲವತ್ತು ನಿಮಿಷ ಹೇಳಿದ್ದರೆ ನಾನು ರಾತ್ರಿ ಬಸ್ಸಿನಲ್ಲಿ ನಿಂತುಕೊಂಡಾದರೂ ಬರುತ್ತಿದ್ದೆ.

ಕಾಫಿಯ ಹೊತ್ತಿನಲ್ಲಿ ಒಂದು ತಮಾಷೆ ಆಯಿತು. ವೇದಿಕೆಯ ಮೇಲೆ ಮಾತಾಡುವಾಗ ಒಂದು ರೀತಿ ಕೇಳುತ್ತಿದ್ದ ಭಾಷೆ ಕಾಫಿಯ ಮೇಜಿನ ಹತ್ತಿರ ಬೇರೆಯೇ ಆಗಿಬಿಟ್ಟಿತು. ಗಂಟಲಿನಿಂದ ಖ್, ಖ್ ಅಂತ ಜಾಸ್ತಿ ಸದ್ದು. ಮಾತಿನ ಏರಿಳಿತವೇ ಬೇರೆ. ಹ್ಯಾಂಬರ್ಗಿನಿಂದ ಬಂದಿದ್ದ ಒಬ್ಬ ಹುಡುಗಿ ನನ್ನ ಹತ್ತಿರ ಬಂದು ನಿಂತಳು. ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದಳು. “ನನಗೂ ಈಗ ಅರ್ಧ ಅರ್ಥ ಆಗುವುದಿಲ್ಲ” ಅಂದಳು. ಸ್ವಿಸ್ ಜನ ಬರೆಯುವುದು, ಸಭೆಯಲ್ಲಿ ಮಾತಾಡುವುದು ಶಿಷ್ಟ ಜರ್ಮನ್‌ನಲ್ಲಿ. ಮನೆಯಲ್ಲಿ, ಅಂಗಡಿಯಲ್ಲಿ, ಜಗಳದಲ್ಲಿ ಅವರದೇ ಸ್ವಿಸ್ ಜರ್ಮನ್. ಅದರಲ್ಲೂ ಬಾಸೆಲ್‌ನದು ಬೇರೆ, ಜೂರಿಕ್‌ನದು ಬೇರೆ.

ನನಗೆ ಅದು ವಿಚಿತ್ರ ಅನಿಸಲೇ ಇಲ್ಲ. ನಾವು ಮಂಗಳೂರಿನವರು ಮನೆಯಲ್ಲಿ ತುಳು, ಬರೆಯಲು ಕನ್ನಡ, ಪಕ್ಕದ ಮನೆಯವರ ಹತ್ತಿರ ಕೊಂಕಣಿ ಅಂತ ಬದುಕುವವರು ತಾನೇ? ಅವಳಿಗೆ ಅದನ್ನು ಹೇಳಿದೆ. ಒಂದು ದಿನಕ್ಕೆ ಎಷ್ಟು ಭಾಷೆ ಮಾತಾಡುತ್ತೀರಿ ಅಂತ ಕೇಳಿದಳು. ಬೆರಳು ಮಡಚಿದೆ. ಐದಾಯಿತು. ಆಮೇಲೆ ಅವಳು ನನ್ನನ್ನು ನೋಡಿದ ರೀತಿಯೇ ಬೇರೆ. ಬೆಳಿಗ್ಗೆಯಿಂದ ಏನೂ ಗೊತ್ತಾಗದೆ ಕುಳಿತಿದ್ದವಳಿಗೆ ಆಗ ಸ್ವಲ್ಪ ಬೆನ್ನು ನೆಟ್ಟಗಾಯಿತು ಅನ್ನಿ.

ಆ ಪಕ್ಕದ ಮುದುಕರ ವಿಷಯ ಹೇಳಬೇಕು. ಅವರು ಡಿಸೈನರ್ ಅಲ್ಲ. ಪ್ರಾಯದಲ್ಲಿ ಸೀಸದ ಮೊಳೆ ಜೋಡಿಸಿದವರು. ನಮ್ಮಪ್ಪನ ಜಾತಿ! ನಾನು ‘ಅಪ್ಪ ಕಂಪೋಸಿಟರ್’ ಅಂದದ್ದೇ ತಡ, ಅವರ ಮುಖ ಅರಳಿತು. ಮರುದಿನ ನನಗೋಸ್ಕರ ಒಂದು ಕುರ್ಚಿ ಹಿಡಿದು ಕುಳಿತಿದ್ದರು. ಭಾಷಣ ನಡೆಯುತ್ತಿದ್ದಂತೆ ಒಂದು ನೋಟ್ ಪುಸ್ತಕದಲ್ಲಿ ಚಿತ್ರ ಬರೆದು ಬರೆದು ತೋರಿಸುತ್ತಿದ್ದರು. ನಡುನಡುವೆ ಅವರ ಪ್ರೆಸ್ಸಿನ ಮಾತುಗಳು.

ಆ ಮಾತುಗಳನ್ನು ನಾನು ಬರೆದು ತಂದಿದ್ದೇನೆ. ಬೇರೆ ಫಾಂಟಿನ ಒಂದು ಮೊಳೆ ತಪ್ಪಿ ಸಾಲಿನಲ್ಲಿ ಸೇರಿಕೊಂಡರೆ ಅದಕ್ಕೆ ‘ತ್ಸ್ವೀಬೆಲ್‌ಫಿಶ್’, ಅಂದರೆ ಈರುಳ್ಳಿ ಮೀನು. ಒಂದೇ ಪದ ಎರಡು ಸಲ ಬಿದ್ದರೆ ‘ಹೋಖ್‌ತ್ಸೈಟ್’, ಮದುವೆ. ಪದ ಬಿಟ್ಟುಹೋದರೆ ‘ಲೈಖೆ’, ಹೆಣ. ತಲೆಕೆಳಗಾದ ಮೊಳೆಗೆ ನೊಣದ ತಲೆ. ತಪ್ಪೇ ಇಲ್ಲದ ಪುಟಕ್ಕೆ ಕನ್ಯೆ. ಒಂದು ಪ್ಯಾರಾದ ಮೊದಲ ಸಾಲು ಪುಟದ ಕೊನೆಗೆ ಒಂಟಿಯಾಗಿ ಸಿಕ್ಕಿಬಿದ್ದರೆ ಅದು ಚಮ್ಮಾರನ ಹುಡುಗ. ಪುಟದಲ್ಲಿ ಖಾಲಿ ಜಾಗ ಜಾಸ್ತಿ ಇದ್ದು ಕೆಲಸ ಕಡಿಮೆಯಾಗಿ ದುಡ್ಡು ಮಾತ್ರ ಪೂರ್ತಿ ಸಿಕ್ಕಿದರೆ ಹಂದಿ ಕೊಬ್ಬು! ಇದನ್ನು ಹೇಳುವಾಗ ಹೊಟ್ಟೆ ಸವರಿಕೊಂಡು ತೋರಿಸಿದರು. ಕವನ ಸಂಕಲನ ಪುಟದ ಲೆಕ್ಕದಲ್ಲಿ ಮಾಡಿಕೊಟ್ಟ ನನಗೆ ಅದು ಒಂದೇ ಏಟಿಗೆ ತಿಳಿಯಿತು. ಕೆಲಸ ಕಲಿತು ಮುಗಿಸಿದ ಹುಡುಗರನ್ನು ಹೊತ್ತುಕೊಂಡು ಹೋಗಿ ನೀರಿನ ತೊಟ್ಟಿಯಲ್ಲಿ ಮುಳುಗಿಸುವ ಪದ್ಧತಿಯೂ ಉಂಟಂತೆ. ಅವರನ್ನೂ ಮುಳುಗಿಸಿದ್ದರಂತೆ, ಚಳಿಯಲ್ಲಿ.

ನೀವೂ ಹೇಳಿ ಅಂದರು. ನಾನು ‘ಕ’ ಬರೆದು ತಲೆಯ ಮೇಲಿನ ಗೆರೆ ತೋರಿಸಿ ‘ತಲಕಟ್ಟು’ ಅಂದೆ. ತಲೆಗೆ ಕಟ್ಟುವ ಪಟ್ಟಿ ಅಂತ ಕೈಯಲ್ಲೇ ಅಭಿನಯ ಮಾಡಿದೆ. ‘ಕು’ ಬರೆದು ‘ಕೊಂಬು’ ಅಂದೆ, ಹಣೆಯ ಮೇಲೆ ಎರಡು ಬೆರಳಿಟ್ಟು. “ಹಾರ್ನ್!” ಅಂದರು. ಜರ್ಮನ್‌ನಲ್ಲೂ ಅದಕ್ಕೆ ಹಾರ್ನ್ ಅಂತಲೇ. ಗುಡಿಸು, ಏತ್ವ, ದೀರ್ಘ ಎಲ್ಲ ಆಯಿತು. ‘ಕೃ’ ಬರೆದು ‘ವಟ್ರಸುಳಿ’ ಅಂದಾಗ ಅವರಿಗೆ ಆ ಶಬ್ದವೇ ಎಷ್ಟು ಹಿಡಿಸಿತೆಂದರೆ ಐದಾರು ಸಲ ಹೇಳಿಸಿಕೊಂಡರು. ಹಿಂದಿನ ಸಾಲಿನವರು ಶ್ ಅಂದರು. ನಾವಿಬ್ಬರೂ ಶಾಲೆಯ ಮಕ್ಕಳ ಹಾಗೆ ತಲೆ ತಗ್ಗಿಸಿದೆವು.

ಈಗ ನಾನು ಈ ಪತ್ರ ಬರೆಯಲು ಕಾರಣವಾದ ಸಂಗತಿಗೆ ಬರುತ್ತೇನೆ. ಆ ವರ್ಷವೇ ಬೆಂಗಳೂರಿನ ಒಬ್ಬ ಹುಡುಗನ ಜೊತೆ ಒಂದು ಪುಸ್ತಕದ ವಿಷಯದಲ್ಲಿ ನನಗೆ ಜಟಾಪಟಿ ಆಗಿತ್ತು. ಹುಡುಗ ಬುದ್ಧಿವಂತ. ಒಳ್ಳೆಯ ಕಡೆ ಓದಿದವನು. ಅವನು ಕಳಿಸಿದ ವಿನ್ಯಾಸದಲ್ಲಿ ಅಕ್ಷರದ ಗಾತ್ರ 11 ಪಾಯಿಂಟ್, ಸಾಲಿನ ಅಂತರ 13. ಇಂಗ್ಲಿಷ್ ಪುಸ್ತಕಕ್ಕೆ ಸರಿ. ಕನ್ನಡಕ್ಕೆ ಹೇಗೆ ಸರಿಯಾಗುತ್ತದೆ? ನಮ್ಮ ಅಕ್ಷರಕ್ಕೆ ಕೆಳಗೂ ಸಂಸಾರ ಉಂಟು. ‘ರಾಷ್ಟ್ರ’ ಅಂತ ಬರೆದರೆ ಷಕಾರದ ಕೆಳಗೆ ಟಕಾರದ ಒತ್ತು, ಅದರ ಪಕ್ಕದಲ್ಲಿ ರಕಾರದ ಒತ್ತು, ಎರಡೂ ಜೋತು ಬೀಳುತ್ತವೆ. ಅದೇ ಜಾಗದಲ್ಲಿ ಕೆಳಗಿನ ಸಾಲಿನ ‘ಕೀ’ ಬಂದರೆ ಅದರ ಗುಡಿಸು ಮೇಲಕ್ಕೆ ಎದ್ದಿರುತ್ತದೆ. ಎರಡೂ ಢಿಕ್ಕಿ. ಓದುವವರಿಗೆ ಅಲ್ಲಿ ಒಂದು ಕಪ್ಪು ಉಂಡೆ ಕಾಣುತ್ತದೆ. ಮೊದಲ ಪುಟದಲ್ಲೇ ಅಂಥ ಮೂರು ಉಂಡೆ ಇದ್ದವು.

ಫೋನ್ ಮಾಡಿ ಹೇಳಿದೆ. ಅಂತರ 16 ಮಾಡೋಣ, ಕಡಿಮೆಯೆಂದರೆ 15 ಅಂದೆ. ನನ್ನ ಇಂಗ್ಲಿಷಿನಲ್ಲಿ ಹೇಳಿದೆ, ಅವನಿಗೆ ಕನ್ನಡದಲ್ಲಿ ಕೆಲಸದ ಮಾತು ಬರುವುದಿಲ್ಲ. ಮನೆಯಲ್ಲಿ ಕನ್ನಡವೇ ಅಂತೆ. ಆದರೆ ಡಿಸೈನ್ ಕಲಿತದ್ದು ಇಂಗ್ಲಿಷಿನಲ್ಲಿ, ಹಾಗಾಗಿ ಒತ್ತು, ತಲಕಟ್ಟು ಅವನ ಬಾಯಿಗೆ ಬರುವುದೇ ಇಲ್ಲ. ಅವನು ಹೇಳಿದ್ದು ಒಂದೇ, ಹಾಗೆ ಮಾಡಿದರೆ ಗ್ರಿಡ್, ಅಂದರೆ ಪೇಜನ್ನು ಅಳತೆಯ ಚೌಕಗಳಾಗಿ ಹಂಚುವ ಗೆರೆಗಳ ಲೆಕ್ಕ, ಮುರಿದುಹೋಗುತ್ತದೆ. ನನಗೆ ಒತ್ತಿನ ಕಷ್ಟವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಆಗಲಿಲ್ಲ. ‘ಓಕೆ ಸರ್’ ಅಂದೆ. ನಕ್ಕೆ. ಪುಸ್ತಕ ಕಪ್ಪು ಉಂಡೆಗಳ ಸಮೇತ ಬಂತು.

ಇದನ್ನು ಆ ಮುದುಕರಿಗೆ ತೋರಿಸಬೇಕು ಅನಿಸಿತು. ಅವರ ನೋಟ್ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ‘ರಾಷ್ಟ್ರ’ ಬರೆದೆ. ಸರಿಯಾಗಿ ಅದರ ಕೆಳಗೆ, ಹತ್ತಿರದಲ್ಲೇ, ‘ಕೀರ್ತಿ’ ಬರೆದೆ. ಏನೂ ಹೇಳಲಿಲ್ಲ. ಅವರು ಕನ್ನಡಕ ಹಣೆಗೆ ಏರಿಸಿ ಒಂದು ಗಳಿಗೆ ನೋಡಿದರು. ಅವರಿಗೆ ಯಾವುದು ರಾ, ಯಾವುದು ಕೀ ಅಂತ ಗೊತ್ತಿಲ್ಲ. ಆದರೆ ಬೆರಳು ನೇರವಾಗಿ ಒತ್ತು ಮತ್ತು ಗುಡಿಸು ಮುಟ್ಟಿಕೊಂಡ ಜಾಗಕ್ಕೇ ಹೋಯಿತು. “ಡುರ್ಖ್‌ಶುಸ್!” ಅಂದರು. ಎರಡು ಬೆರಳನ್ನು ಸಾಲುಗಳ ಮಧ್ಯೆ ತೂರಿಸಿ ಅಗಲ ಮಾಡಿ ತೋರಿಸಿದರು.

ಡುರ್ಖ್‌ಶುಸ್ ಅಂದರೆ ಸಾಲುಗಳ ಮಧ್ಯೆ ಹಾಕುವ ಸೀಸದ ಪಟ್ಟಿ. ನಮ್ಮಪ್ಪನ ಪ್ರೆಸ್ಸಿನಲ್ಲಿ ಅದಕ್ಕೆ ‘ಲೆಡ್’ ಅನ್ನುತ್ತಿದ್ದರು. ‘ಇನ್ನೊಂದು ಲೆಡ್ ಹಾಕು’ ಅಂತ ಅಪ್ಪ ಹೇಳುತ್ತಿದ್ದ ಮಾತನ್ನೇ ಈ ಮನುಷ್ಯ ಹೇಳಿದ್ದು. ಅಲ್ಲಿ ನನಗೆ ಕಣ್ಣಲ್ಲಿ ನೀರು ಬಂತು ಅಂತ ಮಗನಿಗೂ ಹೇಳಿಲ್ಲ.

ಸಂಪಾದಕರೇ, ಆ ಗ್ರಿಡ್ ಅನ್ನುವ ಸಂಗತಿಯೂ ದೊಡ್ಡದಾಗಿ ಬೆಳೆದದ್ದು ಆ ದೇಶದಲ್ಲೇ. ಬಾಸೆಲ್, ಜೂರಿಕ್‌ನ ಡಿಸೈನ್ ಶಾಲೆಗಳಲ್ಲಿ. ಹೆಲ್ವೆಟಿಕಾ ಎಂಬ ಹೆಸರಾದ ಫಾಂಟ್ ಹುಟ್ಟಿದ್ದು 1957ರಲ್ಲಿ, ಬಾಸೆಲ್‌ನ ಪಕ್ಕದ ಮ್ಯುನ್‌ಖೆನ್‌ಸ್ಟೈನ್ ಎಂಬ ಊರಿನ ಮೊಳೆ ಕಾರ್ಖಾನೆಯಲ್ಲಿ. ಬಾಸೆಲ್‌ನ ಶಾಲೆಯ ಅರ್ಮಿನ್ ಹಾಫ್‌ಮನ್ 1960ರ ದಶಕದಲ್ಲಿ ಅಹಮದಾಬಾದಿನ ಎನ್‌ಐಡಿ ಎಂಬ ಡಿಸೈನ್ ಕಾಲೇಜಿಗೆ ಬಂದು ಪಾಠವನ್ನೂ ಮಾಡಿದ್ದರು. ಒಳ್ಳೆಯ ವಿದ್ಯೆಯೇ. ನಾನೂ ಅದರಿಂದ ಕಲಿತಿದ್ದೇನೆ. ಆದರೆ ಆ ಗ್ರಿಡ್ ಮಾಡಿದವರ ಅಕ್ಷರಕ್ಕೆ ಒತ್ತು ಇರಲಿಲ್ಲ. ಅಲ್ಲಿನ ಮೊಳೆಗಾರನಿಗೆ ಒಂದು ನೋಟಕ್ಕೆ ಹೊಳೆದದ್ದನ್ನು ನಮ್ಮ ಹುಡುಗನಿಗೆ ಹೇಳಲು ನನಗೆ ಭಾಷೆ ಸಾಲಲಿಲ್ಲ. ಇಬ್ಬರೂ ಕನ್ನಡಿಗರು!

ಎರಡನೆಯ ದಿನ ಮುಗಿದ ಮೇಲೆ ಆ ಮುದುಕರೇ ನನ್ನನ್ನು ರೈನ್ ನದಿ ದಾಟಿಸಿದರು. ಅಲ್ಲಿನ ಕಡವಿನ ದೋಣಿಗೆ ಇಂಜಿನ್ ಇಲ್ಲ. ಮೇಲೆ ಒಂದು ತಂತಿ ಕಟ್ಟಿರುತ್ತಾರೆ, ನೀರಿನ ಸೆಳೆತವೇ ದೋಣಿಯನ್ನು ಆಚೆ ದಡಕ್ಕೆ ತಳ್ಳುತ್ತದೆ. ದೋಣಿಯಲ್ಲಿ ಅವರೊಂದು ಕತೆ ಹೇಳಿದರು. 1527ರಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯ ಈ ಊರಿನ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಬಿಟ್ಟು ಜರ್ಮನ್‌ನಲ್ಲಿ ಪಾಠ ಮಾಡಿದನಂತೆ. ಪ್ರೊಫೆಸರುಗಳು ಕೆಂಡಾಮಂಡಲ. ಮರುವರ್ಷವೇ ಊರು ಬಿಡಬೇಕಾಯಿತು ಅವನು. ಭಾಷೆಯ ಕಾರಣಕ್ಕೆ ಮಾತ್ರ ಅಲ್ಲ, ಬಾಯಿಯೂ ಸ್ವಲ್ಪ ಜೋರಿತ್ತಂತೆ.

ಮರುದಿನ ಭಾನುವಾರ. ಮಗನ ಜೊತೆ ಮಿಶನ್ ರಸ್ತೆಗೆ ಹೋದೆ. ಮಂಗಳೂರಿನವರಿಗೆ ಬಾಸೆಲ್ ಅಂದರೆ ಊರಿನ ಹೆಸರೇ ಅಲ್ಲ, ಹಂಚು, ನೇಯ್ಗೆ, ಪ್ರೆಸ್. 1834ರಲ್ಲಿ ಅಲ್ಲಿಂದ ಹೊರಟ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ನಮ್ಮ ಊರಿಗೆ ಬಂದರು. 1841ರಲ್ಲಿ ಪ್ರೆಸ್ ಆಯಿತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು. 1894ರಲ್ಲಿ ಕಿಟ್ಟೆಲ್ಲರ ನಿಘಂಟು ಅಚ್ಚಾದದ್ದೂ ಮಂಗಳೂರಿನಲ್ಲೇ. ಅವರೆಲ್ಲ ಮತ ಹರಡಲು ಬಂದವರು, ಅದನ್ನೇನೂ ಮುಚ್ಚಿಡಬೇಕಾಗಿಲ್ಲ. ಆದರೆ ಬಂದ ಮೇಲೆ ಕುಳಿತು ನಮ್ಮ ಮಾತು ಕಲಿತರು. ಕಲಿಯದಿದ್ದರೆ ಇಲ್ಲಿ ಅವರ ಮಾತು ಯಾರು ಕೇಳುತ್ತಿದ್ದರು? ಮಿಶನ್ ಮನೆಯ ಬಾಗಿಲು ಹಾಕಿತ್ತು. ಹೊರಗೆ ನಿಂತು ಒಂದು ಫೋಟೊ ತೆಗೆಸಿಕೊಂಡು ಬಂದೆ.

ಇಷ್ಟೆಲ್ಲ ಬರೆದದ್ದು ಇಂಗ್ಲಿಷ್ ಬೇಡ ಅನ್ನಲು ಅಲ್ಲ. ಯೂನಿಕೋಡಿನ ಕಾಗದಪತ್ರ ಇಂಗ್ಲಿಷಿನಲ್ಲಿದೆ, ಸಾಫ್ಟ್‌ವೇರ್ ಇಂಗ್ಲಿಷಿನಲ್ಲಿದೆ. ಹೊರಗಿನಿಂದ ಬಂದವರು ಇಂಗ್ಲಿಷಿನಲ್ಲಿ ಮಾತಾಡಲಿ, ಕೇಳೋಣ. ಕೇಳುವುದಿಷ್ಟೇ: ಕನ್ನಡದ ಅಕ್ಷರದ ಬಗ್ಗೆ ಬೆಂಗಳೂರಿನಲ್ಲಿ ಸಭೆ ಮಾಡುವವರು ಅರ್ಧ ದಿನವಾದರೂ ಕನ್ನಡದಲ್ಲಿ ನಡೆಸಲಿ. ಆ ಹೊತ್ತಿನಲ್ಲಿ ಕಿವಿಯ ಯಂತ್ರ ಬೇಕಾಗುವುದು ಇಂಗ್ಲಿಷಿನವರಿಗೆ. ಬಾಡಿಗೆಗೆ ಸಿಗುತ್ತದೆ ಅದು, ದೊಡ್ಡ ಸಭೆಗಳಲ್ಲೆಲ್ಲ ಇಡುತ್ತಾರೆ. ಬೋರ್ಡ್ ಬರೆಯುವವರಿಗೆ ಬ್ರಷ್ ಕೊಟ್ಟ ಮೇಲೆ ಮೈಕನ್ನೂ ಕೊಡಲಿ. ಆ ‘ಕ’ವನ್ನು ಅವರು ಎಲ್ಲಿಂದ ಶುರು ಮಾಡಿದರು, ತಲಕಟ್ಟು ಮೊದಲೋ ಆಮೇಲೋ, ಲಾರಿಯ ಉಬ್ಬಿದ ತಗಡಿನ ಮೇಲೆ ಗೆರೆ ನೇರ ಬರುವುದು ಹೇಗೆ, ಇದನ್ನೆಲ್ಲ ಅವರು ಬಿಟ್ಟರೆ ಬೇರೆ ಯಾರು ಹೇಳುತ್ತಾರೆ?

ಕನ್ನಡದಲ್ಲಿ ಮಾಡುತ್ತೇವೆ ಅಂತ ‘ಅಕ್ಷರಮುದ್ರಣ ವಿನ್ಯಾಸಶಾಸ್ತ್ರದ ಸೈದ್ಧಾಂತಿಕ ಆಯಾಮಗಳು’ ಅಂತ ಶುರು ಮಾಡಿದರೆ ಮಾತ್ರ ನಾನು ಎದ್ದು ಹೋಗುತ್ತೇನೆ. ಅದು ನನಗೆ ಜರ್ಮನ್‌ಗಿಂತ ಕಷ್ಟ. ಫಾಂಟ್ ಅಂದರೆ ಫಾಂಟ್, ಪೇಜ್ ಅಂದರೆ ಪೇಜ್. ಮೊಳೆ, ಒತ್ತು, ಕೊಂಬು, ಲೆಡ್, ಎಲ್ಲ ನಮ್ಮಲ್ಲಿ ಆಗಲೇ ಉಂಟು. ಪ್ರೆಸ್ಸಿನಲ್ಲಿ ಕೆಲಸ ಮಾಡಿದ ಹಿರಿಯರು ಈಗ ಕೆಲವರೇ ಉಳಿದಿದ್ದಾರೆ. ಅವರ ಬಾಯಲ್ಲಿ ಈರುಳ್ಳಿ ಮೀನಿನಂಥ ಮಾತು ಎಷ್ಟಿವೆಯೋ. ಅಪ್ಪನ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಲಿಲ್ಲ ನಾನು.

ಮುಂದಿನ ಸಲ ಸಭೆ ಮಾಡುವವರು ಯಾರಾದರೂ ಈ ಪತ್ರ ಓದಿದರೆ, ಒತ್ತಕ್ಷರ ಮತ್ತು ಸಾಲಿನ ಅಂತರದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಲು ನಾನು ತಯಾರು. ನಿಮ್ಮ ಕಚೇರಿಯಲ್ಲಿ ನನ್ನ ಫೋನ್ ನಂಬರ್ ಕೊಟ್ಟಿದ್ದೇನೆ. ಬಸ್ಸಿನ ಖರ್ಚು ನನ್ನದೇ. ಅಪ್ಪ ಕೈಯಲ್ಲಿ ಹಿಡಿದು ಮೊಳೆ ಜೋಡಿಸುತ್ತಿದ್ದ ಕಂಪೋಸಿಂಗ್ ಸ್ಟಿಕ್ ತರುತ್ತೇನೆ. ಆ ಗ್ರಿಡ್‌ನ ಹುಡುಗನೂ ಬರಲಿ, ಅವನ ಮೇಲೆ ಸಿಟ್ಟಿಲ್ಲ.

ಇತಿ,
ಒಬ್ಬ ಡಿಟಿಪಿ ಕೆಲಸದವಳು
ಮಂಗಳೂರು

ಮರೆತಿದ್ದೆ: ಆ ಗೋಷ್ಠಿಯ ವರದಿಯ ತಲೆಬರಹದಲ್ಲಿ ‘ರಾಷ್ಟ್ರೀಯ’ದ ಒತ್ತುಗಳು ಕೆಳಗಿನ ಫೋಟೊದ ಒಳಗೆ ಹೋಗಿ ಅರ್ಧ ಕತ್ತರಿಸಿದ್ದವು. ನಿಮ್ಮ ಪೇಜ್ ಕಟ್ಟುವವರಿಗೆ ಸ್ವಲ್ಪ ಹೇಳಿ. ಬೈಯಬೇಡಿ, ರಾತ್ರಿ ಎಷ್ಟು ಹೊತ್ತಿಗೆ ಪೇಜ್ ಬಿಡಬೇಕಾಗುತ್ತದೆ ಅಂತ ನನಗೆ ಗೊತ್ತು.